ಪ್ರೌಢಶಾಲಾ ವಿಜ್ಞಾನ ಸ್ಪರ್ಧೆಗಳು: ತಾಳಿಕೋಟೆ ಸೀಮೆಯ ನೆಲೆಯಿಂದ

ಭೌತ, ರಸಾಯನ, ಜೀವ ಮತ್ತು ಭೂವಿಜ್ಞಾನಗಳ ನಡುವೆ ಗೋಡೆ ಹಾಕದೆ ಪ್ರೌಢಶಾಲೆಯ ಮಕ್ಕಳಿಗಾಗಿ ನಡೆಸುವ ಸ್ಪರ್ಧೆಗಳನ್ನು ಸಾಮಾನ್ಯ ವಿಜ್ಞಾನ ಸ್ಪರ್ಧೆಗಳೆಂದು ಕರೆಯುವುದು ವಾಡಿಕೆ. ಕರ್ನಾಟಕದ ಹೈಸ್ಕೂಲುಗಳಲ್ಲಿ ಇವಕ್ಕೆ ಹಲವು ರೂಪಗಳಿವೆ. ಕೆಲವು ಬರೆಹದ ಪರೀಕ್ಷೆಗಳು, ಕೆಲವು ರಸಪ್ರಶ್ನೆಗಳು. ವಸ್ತುಪ್ರದರ್ಶನ, ವಿಚಾರಗೋಷ್ಠಿ, ವಿಜ್ಞಾನ ನಾಟಕಗಳೂ ಉಂಟು. ಇವೆಲ್ಲಕ್ಕಿಂತ ಬೇರೆ ಜಾತಿಯದು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಇಲ್ಲಿ ಮಗು ಸಿದ್ಧ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ, ತನ್ನ ಊರಿನೊಳಗಿಂದ ಪ್ರಶ್ನೆಯನ್ನು ತಾನೇ ಎತ್ತಿಕೊಂಡು ಬರುತ್ತದೆ. ವಿಜಯಪುರ ಜಿಲ್ಲೆಯ ತಾಳಿಕೋಟೆಯಂಥ ಊರಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಹೆಚ್ಚು ಒದಗಿಬರುವುದು ಇದೇ ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಅದಕ್ಕೆ ಮೀಸಲು.

ಹಿನ್ನೆಲೆ

ಶಾಲಾ ಮಕ್ಕಳ ವಿಜ್ಞಾನ ಸ್ಪರ್ಧೆಗಳು ಇಪ್ಪತ್ತನೆಯ ಶತಮಾನದ ಬೆಳೆ. ಅಮೆರಿಕದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಬೆಂಬಲದ ವಿಜ್ಞಾನ ಪ್ರತಿಭಾ ಶೋಧ 1942ರಲ್ಲಿ ಆರಂಭವಾಯಿತು. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಅಲ್ಲಿನ ಮೊದಲ ರಾಷ್ಟ್ರೀಯ ವಿಜ್ಞಾನ ಮೇಳ ನಡೆಯಿತು. ಪೂರ್ವ ಯುರೋಪಿನಲ್ಲಿ ಬೆಳೆದ ಒಲಿಂಪಿಯಾಡ್ ಪದ್ಧತಿ 1967ರಲ್ಲಿ ವಾರ್ಸಾದ ಭೌತಶಾಸ್ತ್ರ ಒಲಿಂಪಿಯಾಡ್‌ನೊಂದಿಗೆ ವಿಜ್ಞಾನಕ್ಕೂ ಕಾಲಿಟ್ಟಿತು. ಹದಿನೈದು ವಯಸ್ಸಿನವರೆಗಿನ ಮಕ್ಕಳಿಗೆ ಎಲ್ಲ ವಿಜ್ಞಾನಗಳನ್ನೂ ಕೂಡಿಸಿದ ಅಂತರರಾಷ್ಟ್ರೀಯ ಕಿರಿಯರ ವಿಜ್ಞಾನ ಒಲಿಂಪಿಯಾಡ್ 2004ರಲ್ಲಿ ಜಕಾರ್ತದಲ್ಲಿ ಮೊದಲಾಯಿತು. ಭಾರತ ಅದರಲ್ಲಿ 2007ರಿಂದ ಭಾಗವಹಿಸುತ್ತಿದೆ. 2013ರಲ್ಲಿ ಪುಣೆಯಲ್ಲಿ ಅದರ ಆತಿಥ್ಯವನ್ನೂ ವಹಿಸಿತ್ತು.

ನಮ್ಮ ದೇಶದಲ್ಲಿ ಇದಕ್ಕೆ ಮೊದಲ ಗಟ್ಟಿ ರೂಪ ಕೊಟ್ಟದ್ದು 1963ರ ರಾಷ್ಟ್ರೀಯ ವಿಜ್ಞಾನ ಪ್ರತಿಭಾ ಶೋಧ. ದೆಹಲಿಯಲ್ಲಿ ಪ್ರಯೋಗಕ್ಕೆಂದು ಆರಂಭವಾದ ಈ ಯೋಜನೆ ಮರುವರ್ಷ ದೇಶಕ್ಕೆಲ್ಲ ಹಬ್ಬಿತು. 1977ರಲ್ಲಿ ವಿಜ್ಞಾನದ ಬೇಲಿ ದಾಟಿ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಯಾಯಿತು. 2021ರ ನಂತರ ಅದು ನಿಂತಿದೆ. ಇದರ ಮೂಲ ಉದ್ದೇಶ ಆಯ್ಕೆ: ಲಕ್ಷಾಂತರ ಮಕ್ಕಳಲ್ಲಿ ಕೆಲವರನ್ನು ಹೆಕ್ಕಿ ಅವರ ಓದಿಗೆ ಹಣ ಕೊಡುವುದು. ಒಳ್ಳೆಯ ಉದ್ದೇಶವೇ. ಆದರೆ ಹೆಕ್ಕಿದ ಮೇಲೆ ಉಳಿದ ಮಕ್ಕಳ ಪಾಲಿಗೆ ಅದು ಮುಗಿದುಹೋದ ಒಂದು ಭಾನುವಾರವಷ್ಟೇ.

ಇನ್ನೊಂದು ಧಾರೆ ಜನವಿಜ್ಞಾನ ಚಳವಳಿಯದು. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂವಹನ ಮಂಡಳಿಯನ್ನು ಸ್ಥಾಪಿಸಿತು. 1987ರಲ್ಲಿ ದೇಶದ ಬೇರೆಬೇರೆ ದಿಕ್ಕುಗಳಿಂದ ಹೊರಟ ಐದು ವಿಜ್ಞಾನ ಜಾಥಾಗಳು ಭೋಪಾಲದಲ್ಲಿ ಸೇರಿದವು. ಆ ಜಾಥಾಗಳ ಹಿಂದಿದ್ದ ಜನರೇ ಮುಂದೆ ಮಕ್ಕಳ ಕಡೆಗೆ ತಿರುಗಿದರು. ಗ್ವಾಲಿಯರ್ ಸುತ್ತಮುತ್ತ ಸಣ್ಣದಾಗಿ ನಡೆದ ಒಂದು ಪ್ರಯತ್ನ ಬೆಳೆದು 1993ರಲ್ಲಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ರೂಪ ತಾಳಿತು.

ಕರ್ನಾಟಕದಲ್ಲಿ ನೆಲ ಅಷ್ಟರಲ್ಲೇ ಹದವಾಗಿತ್ತು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ದರು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಜೆ.ಆರ್. ಲಕ್ಷ್ಮಣರಾವ್ ಅವರಂಥ ಲೇಖಕರು ‘ಬಾಲವಿಜ್ಞಾನ’ ಮಾಸಪತ್ರಿಕೆಯ ಮೂಲಕ ಹಳ್ಳಿಯ ಹೈಸ್ಕೂಲಿಗೂ ತಲುಪುವ ವಿಜ್ಞಾನ ಕನ್ನಡವನ್ನು ರೂಢಿಗೆ ತಂದರು. ಮಕ್ಕಳ ಸಮಾವೇಶ ಬಂದಾಗ ರಾಜ್ಯದಲ್ಲಿ ಅದನ್ನು ಹೊತ್ತದ್ದು ಇದೇ ಪರಿಷತ್ತು, ತನ್ನ ಜಿಲ್ಲಾ ಸಮಿತಿಗಳ ಮೂಲಕ. ‘ಸಾಂದ್ರತೆ’, ‘ಆವಿ’, ‘ಲವಣಾಂಶ’ ಎಂಬ ಪದಗಳನ್ನು ಹದಿಮೂರರ ಹುಡುಗಿ ವೇದಿಕೆಯ ಮೇಲೆ ತಡವರಿಸದೆ ಆಡುತ್ತಾಳೆ ಎಂದರೆ ಅದರ ಹಿಂದೆ ಈ ಲೇಖಕರ ಹಲವು ದಶಕಗಳ ದುಡಿಮೆಯಿದೆ.

ಮಕ್ಕಳ ವಿಜ್ಞಾನ ಸಮಾವೇಶ ನಡೆಯುವ ಬಗೆ

ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ಇದರಲ್ಲಿ ಭಾಗವಹಿಸಬಹುದು. ಹದಿನಾಲ್ಕಕ್ಕಿಂತ ಕಿರಿಯರದು ಒಂದು ವಿಭಾಗ, ಹಿರಿಯರದು ಇನ್ನೊಂದು. ಶಾಲೆ ಬಿಟ್ಟ ಮಕ್ಕಳಿಗೂ ಅವಕಾಶವಿದೆ. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳಿರುವ ಈ ಭಾಗದಲ್ಲಿ ಈ ನಿಯಮದ ಬೆಲೆ ದೊಡ್ಡದು. ಅದನ್ನು ಬಳಸಿಕೊಂಡವರು ಮಾತ್ರ ಕಡಿಮೆ. ಮೊದಲು ಐವರ ತಂಡವಿರುತ್ತಿತ್ತು, ಈಚೆಗೆ ಇಬ್ಬರಿಗೆ ಇಳಿದಿದೆ. ಒಬ್ಬ ಮಾರ್ಗದರ್ಶಿ ಶಿಕ್ಷಕ ಇರುತ್ತಾರೆ.

ಎರಡು ವರ್ಷಕ್ಕೊಂದು ಮುಖ್ಯ ವಿಷಯವನ್ನು ಕೇಂದ್ರದವರು ಪ್ರಕಟಿಸುತ್ತಾರೆ. 2004-05ರಲ್ಲಿ ನೀರಿನ ಸಂಪನ್ಮೂಲ, 2006-07ರಲ್ಲಿ ಜೀವವೈವಿಧ್ಯ, 2010-11ರಲ್ಲಿ ಭೂ ಸಂಪನ್ಮೂಲ, 2012-13ರಲ್ಲಿ ಶಕ್ತಿ, 2014-15ರಲ್ಲಿ ಹವೆ ಮತ್ತು ಹವಾಗುಣ, 2022-23ರಲ್ಲಿ ಆರೋಗ್ಯಕ್ಕಾಗಿ ಪರಿಸರ ವ್ಯವಸ್ಥೆಯ ತಿಳಿವು, ಹೀಗೆ. ಆ ಚೌಕಟ್ಟಿನೊಳಗೆ ತಂಡವು ಸ್ಥಳೀಯ ಸಮಸ್ಯೆಯೊಂದನ್ನು ಆರಿಸಿ, ಎರಡು ಮೂರು ತಿಂಗಳು ಅಳತೆ, ಸಮೀಕ್ಷೆ, ಪ್ರಯೋಗ ಮಾಡಿ, ದಿನಚರಿ ಪುಸ್ತಕದಲ್ಲಿ ಬರೆದಿಟ್ಟು, ವರದಿ ಮತ್ತು ಭಿತ್ತಿಪತ್ರಗಳೊಂದಿಗೆ ಜಿಲ್ಲಾ ಸಮಾವೇಶಕ್ಕೆ ಹೋಗಬೇಕು. ಅಲ್ಲಿಂದ ರಾಜ್ಯ, ಆಮೇಲೆ ರಾಷ್ಟ್ರ ಮಟ್ಟ. ಮಂಡನೆಗೆ ಸಿಗುವುದು ಕೆಲವೇ ನಿಮಿಷ, ಆಮೇಲೆ ತೀರ್ಪುಗಾರರ ಪ್ರಶ್ನೆಗಳು. ಮಗು ತನ್ನ ಭಾಷೆಯಲ್ಲೇ ಮಂಡಿಸಬಹುದು. ತಾಳಿಕೋಟೆ ಕಡೆಯ ಮಗುವಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಯಾವ ರಾಷ್ಟ್ರೀಯ ಸ್ಪರ್ಧೆಯಲ್ಲೂ ಸಿಗದು.

ರಾಷ್ಟ್ರೀಯ ಸಮಾವೇಶ ವರ್ಷದ ಕೊನೆಯ ವಾರ, ಡಿಸೆಂಬರ್ 27ರಿಂದ 31ರವರೆಗೆ ನಡೆಯುವುದು ಬಹುಕಾಲದ ರೂಢಿಯಾಗಿತ್ತು. 2014ರಲ್ಲಿ 22ನೆಯ ಸಮಾವೇಶ ಬೆಂಗಳೂರಿನಲ್ಲೇ ನೆರೆದಿತ್ತು. ಕೋವಿಡ್ ನಂತರ ದಿನಾಂಕಗಳು ಹಿಂದುಮುಂದಾದವು. ಅಹಮದಾಬಾದಿನ ಸಮಾವೇಶ ನಡೆದದ್ದು 2023ರ ಜನವರಿ ಕೊನೆಯಲ್ಲಿ.

ಅಂಕ ಬೀಳುವುದು ಮುಖ್ಯವಾಗಿ ಐಡಿಯಾದ ಸ್ವಂತಿಕೆಗೆ, ಸ್ಥಳೀಯತೆಗೆ, ಮಾಹಿತಿ ಕಲೆಹಾಕಿದ ಕ್ರಮಕ್ಕೆ, ವಿಶ್ಲೇಷಣೆಗೆ, ತಂಡದ ದುಡಿಮೆಗೆ. ಥರ್ಮೊಕೋಲ್ ಮಾಡೆಲ್ಲಿಗೆ ಇಲ್ಲಿ ಜಾಗವಿಲ್ಲ. ಪ್ರದರ್ಶನಗಳಲ್ಲಿ ವರ್ಷವರ್ಷವೂ ಬರುವ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮನೆ, ಬಲ್ಬು ಹೊತ್ತಿಸುವ ಗಾಳಿಯಂತ್ರ ಇವುಗಳ ಬಗ್ಗೆ ತಕರಾರಿಲ್ಲ, ಕೈ ಪಳಗಲು ಅವೂ ಬೇಕು. ಆದರೆ ಜ್ವಾಲಾಮುಖಿಯನ್ನು ಮಾಡಿದ ಹುಡುಗ ಕಂಡುಹಿಡಿದದ್ದೇನೂ ಇಲ್ಲ. ಸಮಾವೇಶ ಕೇಳುವುದು ಆ ‘ಕಂಡುಹಿಡಿದದ್ದು ಏನು’ ಎಂಬುದನ್ನೇ.

ತಾಳಿಕೋಟೆ: ಪ್ರಯೋಗಾಲಯವಾಗಬಲ್ಲ ನೆಲ

ತಾಳಿಕೋಟೆಯ ಹೆಸರು ಇತಿಹಾಸದ ಪುಸ್ತಕದಲ್ಲಿ 1565ರ ಯುದ್ಧಕ್ಕೆ ಅಂಟಿಕೊಂಡಿದೆ. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಸ್ವತಂತ್ರ ತಾಲ್ಲೂಕು ಕೇಂದ್ರ. ವಿಜ್ಞಾನದ ಕಣ್ಣಿನಿಂದ ನೋಡಿದರೆ ಅದರ ಮಹತ್ವ ಬೇರೆಯೇ. ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಮುಗಿಯುತ್ತ ಬಂದು, ಭೀಮಾ ಶಿಲಾಸಮೂಹದ ಹಳೆಯ ಸುಣ್ಣಕಲ್ಲು ಹೊರಗೆ ಇಣುಕುವ ಅಂಚಿನಲ್ಲಿ ಅದು ಕೂತಿದೆ. ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಸುಣ್ಣಕಲ್ಲಿನ ಪದರುಗಳು ಅದಕ್ಕಿಂತ ಎಷ್ಟೋ ಹಳೆಯವು, ಆಳವಿಲ್ಲದ ಕಡಲಿನ ತಳದಲ್ಲಿ ಕೂಡಿದವು. ಮನೆಯಂಗಳಕ್ಕೆ ಹಾಸುವ ತಾಳಿಕೋಟೆ ಪರಸಿ ಬರುವುದು ಈ ಪದರುಗಳಿಂದಲೇ. ಎಂಟನೆಯ ತರಗತಿಯ ಮಗುವಿಗೆ ಇಲ್ಲಿ ಖರ್ಚಿಲ್ಲದ ಪ್ರಯೋಗವೊಂದಿದೆ. ಪರಸಿಯ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಗುಳ್ಳೆ ಏಳುತ್ತದೆ. ಕರಿಕಲ್ಲಿನ ಪುಡಿಯ ಮೇಲೆ ಹಿಂಡಿದರೆ ಏಳುವುದಿಲ್ಲ. ಗುಳ್ಳೆಯೊಳಗಿನದು ಇಂಗಾಲದ ಡೈಆಕ್ಸೈಡ್. ನಿಂಬೆಗಂತೂ ಬರವಿಲ್ಲ, ಜಿಲ್ಲೆಯೊಳಗಿನ ಇಂಡಿ ತಾಲ್ಲೂಕಿನ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಯಾವ ಹೊಲದ ಕಲ್ಲಿಗೆ ಗುಳ್ಳೆ, ಯಾವುದಕ್ಕಿಲ್ಲ ಎಂದು ಊರೂರು ಸುತ್ತಿ ಗುರುತು ಹಾಕಿದರೆ ಎರಡು ಶಿಲೆಗಳು ಸೇರುವ ಗೆರೆ ಮಗುವಿನ ಕೈಯಲ್ಲೇ ನಕ್ಷೆಯಾಗುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ ಡೋಣಿ ನದಿಯದು. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯನ್ನು ಸೀಳಿಕೊಂಡು ತಾಳಿಕೋಟೆಯ ಮಗ್ಗುಲಲ್ಲೇ ಹರಿದು ಕೃಷ್ಣೆಗೆ ಸೇರುವ ಈ ಹೊಳೆಯ ನೀರು ಉಪ್ಪು. ಮಳೆಗಾಲದಲ್ಲಿ ಉಕ್ಕಿ ಹೊಲಕ್ಕೆ ನುಗ್ಗುತ್ತದೆ, ಹಡಗಿನಾಳದ ಕಡೆಯ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಬೇಸಿಗೆಯಲ್ಲಿ ದಂಡೆಯ ಮೇಲೆ ಬಿಳಿಯ ಪರೆ ಕಟ್ಟುತ್ತದೆ. ಹೊಳೆ ಮಗ್ಗುಲಲ್ಲಿದ್ದೂ ಕುಡಿಯುವ ನೀರಿಗೆ ಬೇರೆ ಕಡೆ ನೋಡಬೇಕಾದ ಊರಿನ ಮಗುವಿಗೆ ಪ್ರಶ್ನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಉಪ್ಪು ಎಲ್ಲಿಂದ ಬಂತು? ಎರೆ ಮಣ್ಣಿನಿಂದಲೋ, ತಳದ ಶಿಲೆಯಿಂದಲೋ, ನೀರಾವರಿಯಿಂದಲೋ? ಹೊಳೆಯಿಂದ ದೂರ ಹೋದಂತೆ ಬಾವಿಯ ನೀರು ಸಿಹಿಯಾಗುತ್ತದೆಯೋ, ಆಗುವುದಾದರೆ ಎಷ್ಟು ದೂರಕ್ಕೆ?

ಇದನ್ನು ಅಳೆಯಲು ದುಬಾರಿ ಉಪಕರಣ ಬೇಕೆಂದು ಕೈಚೆಲ್ಲುವ ಅಗತ್ಯವಿಲ್ಲ. ಶೋಧಿಸಿದ ಒಂದು ಲೀಟರ್ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಪೂರ್ತಿ ಆವಿಯಾಗಿಸಿ, ಉಳಿದದ್ದನ್ನು ಬಜಾರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದರೆ ಕರಗಿದ ಲವಣಗಳ ಅಂದಾಜು ಮಿಲಿಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದಾಗ 2,000 ಮಿಲಿಗ್ರಾಂ ಕೊನೆಯ ಮಿತಿ. ತನ್ನ ಮನೆಯ ಬೋರಿನ ನೀರು ಈ ಎರಡು ಅಂಕೆಗಳ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ತಿಳಿದ ಮಗು ಪಠ್ಯದ ‘ಗಡಸು ನೀರು’ ಪಾಠವನ್ನು ಇನ್ನು ಬಾಯಿಪಾಠ ಮಾಡುವುದಿಲ್ಲ. ಗಡಸುತನ ಬೇರೆ, ಉಪ್ಪು ಬೇರೆ ಎಂಬುದೂ ಸೋಪಿನ ನೊರೆಯ ಪ್ರಯೋಗದಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಬೋರಿನ ನೀರಿನಲ್ಲಿರಬಹುದಾದ ಫ್ಲೋರೈಡ್ ಮಾತ್ರ ಹೀಗೆ ಮನೆಯಲ್ಲಿ ಅಳೆಯುವ ವಸ್ತುವಲ್ಲ. ಅದಕ್ಕೆ ಪರೀಕ್ಷಾ ಕಿಟ್ ಅಥವಾ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯವೇ ಗತಿ.

ನೀರಿನಿಂದ ಬೆಳೆಗೆ ಹೋದರೆ ಕೆಲಸ ಇನ್ನೂ ಸೊಗಸು. ಬೆಳೆಗಳು ಉಪ್ಪನ್ನು ತಾಳುವ ಶಕ್ತಿಯನ್ನು ಮಣ್ಣಿನ ವಿದ್ಯುತ್ ವಾಹಕತೆಯ ಲೆಕ್ಕದಲ್ಲಿ ಹೇಳುತ್ತಾರೆ. ಜೋಳ ಮೀಟರಿಗೆ 6.8 ಡೆಸಿಸೀಮೆನ್ಸ್‌ವರೆಗೆ ಇಳುವರಿ ಕಳೆದುಕೊಳ್ಳದೆ ನಿಲ್ಲುತ್ತದೆ. ಹುರುಳಿಕಾಯಿ 1ರಲ್ಲೇ ಸೋಲತೊಡಗುತ್ತದೆ. ಡೋಣಿ ಕಣಿವೆಯ ಎರೆ ಹೊಲಗಳಲ್ಲಿ ಬಿಳಿಜೋಳ ತಲೆಮಾರುಗಳಿಂದ ನಿಂತಿರುವುದಕ್ಕೆ ರುಚಿ, ರೂಢಿಗಳ ಜೊತೆಗೆ ಈ ಕಾರಣವೂ ಇರಬೇಕು. ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಒಂದಕ್ಕೆ ಮಳೆನೀರು, ಒಂದಕ್ಕೆ ಅರ್ಧ ಡೋಣಿ ನೀರು, ಇನ್ನೊಂದಕ್ಕೆ ಪೂರ್ತಿ ಡೋಣಿ ನೀರು ಚಿಮುಕಿಸಿ ಜೋಳ, ತೊಗರಿ, ಕಡಲೆ, ಕುಸುಬೆಗಳ ನೂರು ನೂರು ಕಾಳು ಮೊಳೆಯಿಸಿದರೆ ಒಂದು ವಾರದಲ್ಲಿ ಸಂಖ್ಯೆಗಳು ಬರುತ್ತವೆ. ಮೂರು ಸಲ ಮಾಡಿದರೆ ಆ ಸಂಖ್ಯೆಗಳನ್ನು ನಂಬಬಹುದು. ಮಳೆನೀರಿನ ತಟ್ಟೆ ಏಕೆ ಬೇಕು ಎಂಬುದನ್ನು ಮಗು ತೀರ್ಪುಗಾರರಿಗೆ ವಿವರಿಸಬಲ್ಲದಾದರೆ ವಿಜ್ಞಾನದ ವಿಧಾನ ಅದರ ಕೈಗೆ ಬಂದಿದೆ ಎಂದೇ ತಿಳಿಯಬೇಕು.

ಎರೆ ಮಣ್ಣು ಸ್ವತಃ ಒಂದು ವಿಷಯ. ಅದರ ಜೇಡಿ ಖನಿಜಗಳು ನೀರು ಹೀರಿ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದಕ್ಕೇ. ಬಿರುಕಿಗೆ ತಂತಿ ಇಳಿಸಿ ಆಳ ಅಳೆಯುವುದು, ಅಗಲವನ್ನು ವಾರವಾರವೂ ಗುರುತಿಸುವುದು ಐದನೆಯ ತರಗತಿಯ ಮಗುವಿಗೂ ಆಗುವ ಕೆಲಸ. ಹಳೆಯ ಮನೆಗಳ ಗೋಡೆ ಸೀಳುವುದಕ್ಕೂ ಇದೇ ಮಣ್ಣಿನ ಉಬ್ಬರ ಇಳಿತ ಕಾರಣವಾಗಿರಬಹುದೇ ಎಂಬ ಮುಂದಿನ ಪ್ರಶ್ನೆ ತಾನೇ ಏಳುತ್ತದೆ.

ಇನ್ನು ಹಗೇವು. ನೆಲದಡಿಯಲ್ಲಿ ಜೋಳ ತುಂಬಿಡುವ ಈ ಪದ್ಧತಿ ಉತ್ತರ ಕರ್ನಾಟಕದ ಹಿರಿಯರಿಗೆ ಚೆನ್ನಾಗಿ ಗೊತ್ತು. ಮುಚ್ಚಿದ ಹಗೇವಿನೊಳಗೆ ಕಾಳು ಮತ್ತು ಹುಳುಗಳ ಉಸಿರಾಟದಿಂದ ಆಮ್ಲಜನಕ ತಗ್ಗುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ತೆರೆದ ಕೂಡಲೇ ಇಳಿದ ಮನುಷ್ಯನೂ ಅದೇ ಕಾರಣಕ್ಕೆ ಉಸಿರುಗಟ್ಟಿ ಸಾಯಬಹುದು. ಮೊದಲು ದೀಪ ಇಳಿಸಿ ನೋಡುವ ರೂಢಿ ಹುಟ್ಟಿದ್ದು ಇದರಿಂದಲೇ, ಆದರೆ ದೀಪ ಉರಿಯಿತೆಂದ ಮಾತ್ರಕ್ಕೆ ಒಳಗೆ ಇಳಿಯುವುದು ಸುರಕ್ಷಿತವಲ್ಲ. ಮಕ್ಕಳು ಹಗೇವಿನ ಹತ್ತಿರ ಸುಳಿಯಕೂಡದು. ಬಿಗಿಮುಚ್ಚಳದ ಗಾಜಿನ ಬಾಟಲಿಯಲ್ಲಿ ಹುಳು ಬಿದ್ದ ಜೋಳ, ಪಕ್ಕದ ತೆರೆದ ಬಾಟಲಿಯಲ್ಲಿ ಅದೇ ಜೋಳ ಇಟ್ಟು ಹುಳು ಎಣಿಸಿದರೆ ಅದೇ ತತ್ವ ಅಪಾಯವಿಲ್ಲದೆ ಕಾಣುತ್ತದೆ. ಅಜ್ಜನ ತಿಳಿವಳಿಕೆಯನ್ನು ಅಳತೆಗೆ ಒಡ್ಡುವ ಇಂಥ ಕೆಲಸವನ್ನು ಸಮಾವೇಶ ವಿಶೇಷವಾಗಿ ಮೆಚ್ಚುತ್ತದೆ. ಮೆಚ್ಚಬೇಕಾದದ್ದೇ.

ಜಿಲ್ಲಾ ಕೇಂದ್ರಕ್ಕೆ ಹೋದ ದಿನ ಗೋಳಗುಮ್ಮಟವನ್ನು ಬರಿಯ ಪ್ರವಾಸದ ತಾಣವಾಗಿ ನೋಡಿ ಬರುವುದು ನಷ್ಟ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಎದುರು ಗೋಡೆಗೆ ಹೋಗಿ ಮರಳುವ ಸದ್ದು 76 ಮೀಟರ್ ಕ್ರಮಿಸಬೇಕು, ಅಂದರೆ ಸುಮಾರು 0.22 ಸೆಕೆಂಡು. ಪ್ರತಿಧ್ವನಿ ಬೇರೆಯಾಗಿ ಕೇಳಲು 0.1 ಸೆಕೆಂಡು ಸಾಕೆಂದು ಒಂಬತ್ತನೆಯ ತರಗತಿಯ ಪಾಠ ಹೇಳುತ್ತದೆ. ಆ ಪಾಠಕ್ಕೆ ಇಷ್ಟು ದೊಡ್ಡ ಪ್ರಯೋಗಶಾಲೆ ದೇಶದ ಬೇರೆ ಮಕ್ಕಳಿಗೆ ಸಿಕ್ಕಿಲ್ಲ.

ಉಳಿದ ಸ್ಪರ್ಧೆಗಳು

ಹೈಸ್ಕೂಲುಗಳಲ್ಲಿ ಈಗ ಹೆಚ್ಚು ಕೇಳಿಬರುವ ಹೆಸರು ಇನ್‌ಸ್ಪೈರ್ ಅವಾರ್ಡ್–ಮಾನಕ್. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಾಗೂ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಸೇರಿ ಇದನ್ನು ನಡೆಸುತ್ತವೆ. ಪ್ರತಿ ಶಾಲೆ ಐದು ಐಡಿಯಾ ಕಳಿಸಬಹುದು. ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಆಮೇಲೆ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಪ್ರದರ್ಶನ. ಹಣ ನೇರವಾಗಿ ಮಗುವಿಗೆ ಬರುವುದು ಇದರ ಹೆಚ್ಚುಗಾರಿಕೆ. ಐಡಿಯಾ ಮಗುವಿನದೇ ಇರಬೇಕೆಂಬ ನಿಯಮವೂ ಉಂಟು. ಆದರೆ ಅರ್ಜಿ ತುಂಬುವ ಕೊನೆಯ ವಾರದ ಅವಸರದಲ್ಲಿ ಯೂಟ್ಯೂಬಿನಿಂದ ಇಳಿಸಿದ ಐಡಿಯಾಗಳು ಹೋಗುವುದುಂಟು. ಇದನ್ನು ಮಗುವಿನ ತಪ್ಪೆನ್ನುವಂತಿಲ್ಲ. ಪ್ರಶ್ನೆ ಕೇಳಲು ವರ್ಷಪೂರ್ತಿ ಅವಕಾಶ ಕೊಡದೆ ಒಂದೇ ವಾರದಲ್ಲಿ ಐಡಿಯಾ ಕೊಡು ಎಂದರೆ ಆಗುವುದು ಇದೇ.

ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ನಂಟಿರುವ ವಿಜ್ಞಾನ ವಿಚಾರಗೋಷ್ಠಿ ಎಂಟರಿಂದ ಹತ್ತನೆಯ ತರಗತಿಯವರಿಗೆ ಮಾತಿನ ಸ್ಪರ್ಧೆ; ಅದರ ಜೊತೆಗೆ ವಿಜ್ಞಾನ ನಾಟಕವೂ ತಾಲ್ಲೂಕಿನಿಂದ ಮೇಲೇರುತ್ತದೆ. ದೊಡ್ಡಾಟ, ಸಣ್ಣಾಟಗಳ ನಾಡಿನ ಮಕ್ಕಳಿಗೆ ನಾಟಕ ಕೈಯಳತೆಯದು. ಟಾಟಾ ಕನ್ಸಲ್ಟೆನ್ಸಿ ಸಂಸ್ಥೆ ಕರ್ನಾಟಕ ಸರ್ಕಾರದೊಂದಿಗೆ 2000ದಲ್ಲಿ ಆರಂಭಿಸಿದ ಗ್ರಾಮೀಣ ಐಟಿ ರಸಪ್ರಶ್ನೆ ನಗರದ ಮಕ್ಕಳನ್ನು ಹೊರಗಿಟ್ಟು ಹಳ್ಳಿ, ಸಣ್ಣ ಊರುಗಳ ಮಕ್ಕಳಿಗೆಂದೇ ರೂಪುಗೊಂಡದ್ದು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಮೂಲಕ ಸಾಗುವ ಕಿರಿಯರ ಒಲಿಂಪಿಯಾಡ್ ಹಾದಿ ಮಾತ್ರ ಈ ಭಾಗಕ್ಕೆ ಇನ್ನೂ ದೂರ. ಕೊನೆಗೆ ಆರು ಮಕ್ಕಳ ಭಾರತ ತಂಡ ಉಳಿಯುವ ಆ ಸ್ಪರ್ಧೆಯ ಪ್ರಶ್ನೆಗಳು ಹೈಸ್ಕೂಲು ಪಠ್ಯವನ್ನು ಬಹಳ ಮೀರುತ್ತವೆ, ತಯಾರಿಗೆ ನಗರದ ಕೋಚಿಂಗ್ ಬೆನ್ನಿಗಿರುತ್ತದೆ. 2019ರಲ್ಲಿ ದೋಹಾದಲ್ಲಿ ಆರೂ ಮಕ್ಕಳು ಚಿನ್ನ ಗೆದ್ದದ್ದು ಹೆಮ್ಮೆಯ ಸಂಗತಿಯೇ. ಅಂಥ ತಂಡದಲ್ಲಿ ಕನ್ನಡ ಮಾಧ್ಯಮದ ಮಗುವೊಂದು ಕೂರಬೇಕಾದರೆ ಆ ಪ್ರಶ್ನೆಪತ್ರಿಕೆಗಳೂ ಅಭ್ಯಾಸದ ಪುಸ್ತಕಗಳೂ ಮೊದಲು ಕನ್ನಡದಲ್ಲಿ ಬೇಕು.

ತೊಡಕುಗಳು ಮತ್ತು ವರ್ಷದ ಲೆಕ್ಕ

ವಿಜಯಪುರ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು. ಪಕ್ಕದ ಯಾದಗಿರಿಗೆ ಸಂವಿಧಾನದ 371ಜೆ ವಿಧಿಯಡಿ ಶಿಕ್ಷಣ, ಉದ್ಯೋಗಗಳಲ್ಲಿ ಸಿಗುವ ವಿಶೇಷ ಸವಲತ್ತು ಇಲ್ಲಿಗಿಲ್ಲ. ನೆಲ, ಮಳೆ, ಬಡತನಗಳಲ್ಲಿ ಗಡಿಯ ಎರಡೂ ಬದಿಗೆ ಹೇಳಿಕೊಳ್ಳುವಂಥ ಅಂತರವಿಲ್ಲ. ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಬಿದ್ದ ಶಾಲೆಯಲ್ಲಿ ಮಾರ್ಗದರ್ಶಿ ಶಿಕ್ಷಕ ಎಂಬ ಮಾತೇ ನಿಲ್ಲುವುದಿಲ್ಲ. ಇದ್ದ ಶಿಕ್ಷಕರೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಹತ್ತನೆಯ ತರಗತಿಯವರನ್ನು ಹೊರಗಿಡುತ್ತಾರೆ. ಆದ್ದರಿಂದ ಎಂಟು, ಒಂಬತ್ತರ ಮಕ್ಕಳೇ ತಂಡದಲ್ಲಿ ಹೆಚ್ಚು. ಹೆಣ್ಣುಮಕ್ಕಳನ್ನು ಮೂರು ದಿನ ಬೇರೆ ಊರಿಗೆ ಕಳಿಸಲು ಮನೆಯವರು ಹಿಂಜರಿಯುತ್ತಾರೆ. ಜೊತೆಗೆ ಶಿಕ್ಷಕಿ ಹೊರಟರೆ ಆ ಹಿಂಜರಿಕೆ ಎಷ್ಟೋ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆ. ಜಿಲ್ಲಾ ಮಟ್ಟದಲ್ಲಿ ಸೋತ ವರದಿಗಳು ಶಾಲೆಯ ಟ್ರಂಕಿಗೆ ಸೇರಿ ಅಲ್ಲೇ ಕೊನೆಗೊಳ್ಳುತ್ತವೆ. ಅವುಗಳಲ್ಲಿ ಯಾವ ಬಾವಿಯ ನೀರು, ಯಾವ ದಿನ, ಎಷ್ಟು ಲವಣ ಎಂಬ ಅಂಕಿಗಳಿರುತ್ತವೆ. ಬಹುಮಾನ ಬಂತೋ ಇಲ್ಲವೋ ಎಂಬುದರಿಂದ ಆ ಅಂಕಿಗಳ ಬೆಲೆ ಬದಲಾಗುವುದಿಲ್ಲ. ಮುಖ್ಯ ವಿಷಯ ಎರಡು ವರ್ಷ ಅದೇ ಇರುವುದರಿಂದ ಮೊದಲ ವರ್ಷದ ತಂಡ ಬಿಟ್ಟ ಕಡೆಯಿಂದ ಎರಡನೆಯ ವರ್ಷದ ತಂಡ ಎತ್ತಿಕೊಳ್ಳುವಂತೆ ವ್ಯವಸ್ಥೆ ಮಾಡುವುದು ಕಷ್ಟವೂ ಅಲ್ಲ.

ಡೋಣಿಯ ವಿಷಯದಲ್ಲಿ ಇದು ಅನಿವಾರ್ಯವೂ ಹೌದು. ಶಾಲೆ ಆರಂಭವಾಗುವುದು ಜೂನಿನ ಹೊತ್ತಿಗೆ. ತಂಡ ಕಟ್ಟಿ ವಿಷಯ ಆರಿಸುವಷ್ಟರಲ್ಲಿ ಜುಲೈ, ಆಗಸ್ಟ್. ಜಿಲ್ಲಾ ಮಂಡನೆ ಸಾಮಾನ್ಯವಾಗಿ ಹಿಂಗಾರಿನ ಬಿತ್ತನೆಯ ಆಸುಪಾಸು. ಹೀಗಾಗಿ ಮಗು ಅಳೆಯುವುದು ಮಳೆನೀರು ಬೆರೆತು ಉಪ್ಪು ತೆಳುವಾದ ಹೊಳೆಯನ್ನು. ಉಪ್ಪು ಗಟ್ಟಿಯಾಗುವುದು ಮಾರ್ಚ್‌ನಿಂದ ಮೇ ತನಕ, ಪರೀಕ್ಷೆ ಮತ್ತು ರಜೆಯ ತಿಂಗಳುಗಳಲ್ಲಿ. ಆಗಿನ ಅಳತೆ ಯಾವುದಾದರೂ ತಂಡದ ವರದಿಯಲ್ಲಿ ಬರಬೇಕಾದರೆ ಒಂಬತ್ತನೆಯ ತರಗತಿ ಮುಗಿಸಿದವರು ರಜೆಯಲ್ಲಿ ಅದೇ ಬಾವಿ, ಅದೇ ಮಡುವಿನ ನೀರು ತೂಗಿ ಬರೆದಿಟ್ಟ ಪುಸ್ತಕವನ್ನು ಜೂನಿನಲ್ಲಿ ಎಂಟನೆಯ ತರಗತಿಯವರ ಕೈಗೆ ಕೊಡಬೇಕು.